ಗರ್ಭಿಣಿಯ ಪ್ರಯಾಣ: ಘಾಟಿ, ಮಳೆ, ಬಸ್ಸು, ಬೆಲ್ಟು

ಗರ್ಭಿಣಿಯರ ಓಡಾಟದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಕೊಡಗಿನಿಂದ ಬಂದ ಪತ್ರಗಳೇ ಹೆಚ್ಚು. ಜಿಲ್ಲೆಯಲ್ಲಿ ರೈಲಿಲ್ಲ. ಮೈಸೂರಿಗೋ ಮಂಗಳೂರಿಗೋ ಹೋಗಬೇಕೆಂದರೆ ತಿರುವು ರಸ್ತೆಯೇ ಗತಿ. ಹೆರಿಗೆ ತಜ್ಞರು ಮತ್ತು ಅನುಭವಿ ದಾದಿಯರು ಸೇರಿ ಉತ್ತರಿಸಿದ್ದಾರೆ. ಉತ್ತರಗಳಲ್ಲಿ ಬರುವ ವಾರಗಳ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರುವಾಗುತ್ತದೆ.

ನನಗೀಗ ಎರಡು ತಿಂಗಳು. ಮನೆ ತೋಟದ ಒಳಗಿದೆ, ಟಾರ್ ರಸ್ತೆ ಸೇರಲು ಮೂರು ಕಿ.ಮೀ. ಕಲ್ಲುದಾರಿಯಲ್ಲಿ ಜೀಪಿನಲ್ಲೇ ಬರಬೇಕು. ಈ ಕುಲುಕಾಟಕ್ಕೆ ಗರ್ಭ ನಿಲ್ಲುವುದಿಲ್ಲ, ಐದು ತಿಂಗಳ ತನಕ ಮನೆ ಬಿಟ್ಟು ಹೊರಡಬೇಡ ಎನ್ನುತ್ತಾರೆ ಅತ್ತೆ. ನಿಜವೇ?
— ಓದುಗರು, ನಾಪೋಕ್ಲು

ಆರೋಗ್ಯವಾಗಿರುವ ಗರ್ಭ ಜೀಪಿನ ಕುಲುಕಾಟಕ್ಕೆ ಬಿದ್ದುಹೋಗುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕಾದರೂ ಕಾರಣ ಭ್ರೂಣದ ವರ್ಣತಂತುಗಳ ದೋಷ. ಹಾಸಿಗೆಯಲ್ಲೇ ಮಲಗಿದ್ದರೂ ಅವು ಆಗಿಯೇ ಆಗುತ್ತಿದ್ದವು. ಎರಡನೇ ತಿಂಗಳಲ್ಲಿ ಗರ್ಭಕೋಶ ಇನ್ನೂ ಸೊಂಟದ ಮೂಳೆಗಳ ಬುಟ್ಟಿಯೊಳಗೇ ಇರುತ್ತದೆ, ಭ್ರೂಣ ನೀರಿನ ಚೀಲದಲ್ಲಿ ತೇಲುತ್ತಿರುತ್ತದೆ. ಅತ್ತೆಯವರ ಕಾಳಜಿ ದೊಡ್ಡದು, ಆದರೆ ಹೆದರಿ ತಪಾಸಣೆಗೇ ಹೋಗದೆ ಉಳಿದರೆ ನಷ್ಟ ನಿಮಗೆ. ಮೊದಲ ಸ್ಕ್ಯಾನ್, ರಕ್ತದ ಗುಂಪು, ಹಿಮೋಗ್ಲೋಬಿನ್, ಬಿ.ಪಿ. ಇವೆಲ್ಲ ಈ ತಿಂಗಳುಗಳಲ್ಲೇ ಆಗಬೇಕು.

ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ರಕ್ತಸ್ರಾವ ಕಂಡಿದ್ದರೆ, ಮಾಸು (ಪ್ಲಸೆಂಟಾ) ಕೆಳಗೆ ಕೂತಿದೆ ಎಂದು ಸ್ಕ್ಯಾನಿನಲ್ಲಿ ಬರೆದಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ, ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದರೆ, ಅವಳಿಯಿದ್ದರೆ, ಬಿ.ಪಿ. ಏರಿದ್ದರೆ ವೈದ್ಯರನ್ನು ಕೇಳದೆ ದೂರ ಹೋಗಬಾರದು. ಕುಲುಕಾಟಕ್ಕಿಂತ ಹೆಚ್ಚಿನ ಅಪಾಯ ತೊಂದರೆ ಶುರುವಾದ ಹೊತ್ತಿಗೆ ಆಸ್ಪತ್ರೆಯಿಂದ ದೂರ ಇರುವುದರಲ್ಲಿದೆ. ಹಾಗಾಗಿ ಹೊರಡುವ ಮುನ್ನ ಕಿಲೋಮೀಟರ್ ಲೆಕ್ಕ ಬಿಡಿ. ಸಿಸೇರಿಯನ್ ಮಾಡಬಲ್ಲ, ರಕ್ತ ಕೊಡಬಲ್ಲ ಆಸ್ಪತ್ರೆಗೆ ಈ ದಾರಿಯಲ್ಲಿ ಎಲ್ಲಿಂದ ಎಷ್ಟು ಹೊತ್ತು ಬೇಕು ಎಂದು ನೋಡಿ. ದೂರದ ಪ್ರಯಾಣಕ್ಕೆ ಸಾಮಾನ್ಯವಾಗಿ 14ರಿಂದ 28ನೇ ವಾರದ ನಡುವಿನ ಕಾಲ ಒಳ್ಳೆಯದು: ಆ ಹೊತ್ತಿಗೆ ವಾಂತಿ ಇಳಿದಿರುತ್ತದೆ, ಹೊಟ್ಟೆ ಭಾರ ಆಗಿರುವುದಿಲ್ಲ.

ಜೀಪಿನಲ್ಲಿ ಮುಂದಿನ ಸೀಟೇ ಇರಲಿ. ಹಿಂದೆ ಅಡ್ಡಬೆಂಚಿನಲ್ಲಿ ಕೂತರೆ ಹಿಡಿಯಲು ಏನೂ ಸಿಗುವುದಿಲ್ಲ, ಏಟು ನೇರ ಬೆನ್ನಿಗೆ ಬೀಳುತ್ತದೆ.

ಆರು ವಾರ ಕಳೆದಿದೆ. ಮಡಿಕೇರಿಯಿಂದ ಮಂಗಳೂರಿಗೆ ಹೋಗಲೇಬೇಕು. ಮಾಮೂಲಿ ದಿನಗಳಲ್ಲೇ ಸಂಪಾಜೆ ಘಾಟಿಯಲ್ಲಿ ತಲೆ ಸುತ್ತುತ್ತದೆ, ಈಗಂತೂ ಕಾರಿನ ವಾಸನೆಗೇ ವಾಂತಿ. ಒಂದು ಚಮಚ ಮನೆ ವೈನ್ ಕುಡಿದರೆ ಹೊಟ್ಟೆ ನಿಲ್ಲುತ್ತದೆ ಎನ್ನುತ್ತಾರೆ.
— ಓದುಗರು, ಮಡಿಕೇರಿ

ವೈನ್ ಬೇಡ, ಬ್ರಾಂದಿಯೂ ಬೇಡ. ಗರ್ಭಿಣಿಗೆ ಇಷ್ಟು ಕುಡಿದರೆ ತೊಂದರೆಯಿಲ್ಲ ಎಂಬ ಅಳತೆಯೇ ಇಲ್ಲ, ಮನೆಯಲ್ಲೇ ಮಾಡಿದ್ದಾದರೂ ಅದು ಮದ್ಯವೇ.

ವಾಂತಿ ಯಾಕೆ ಬರುತ್ತದೆ ಎಂದು ತಿಳಿದರೆ ತಡೆಯುವುದು ಸುಲಭ. ಒಳಕಿವಿ ಪ್ರತಿ ತಿರುವನ್ನೂ ಮಿದುಳಿಗೆ ಹೇಳುತ್ತದೆ. ಕಣ್ಣು ಮೊಬೈಲಿನ ಮೇಲೋ ಸೀಟಿನ ಬೆನ್ನಿನ ಮೇಲೋ ಇದ್ದರೆ ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಮುಂದಿನ ಸೀಟಿನಲ್ಲಿ ಕೂತು ತಲೆಯನ್ನು ಸೀಟಿಗೆ ಒರಗಿಸಿ, ರಸ್ತೆಯ ದೂರದ ತುದಿಯನ್ನೇ ನೋಡುತ್ತಿರಿ. ತಿರುವಿನೊಳಗೆ ಬ್ರೇಕ್ ಒತ್ತದೆ, ತಿರುವಿಗೆ ಮೊದಲೇ ವೇಗ ಇಳಿಸುವಂತೆ ಓಡಿಸುವವರಿಗೆ ಹೇಳಿ. ಈ ಒಂದರಿಂದಲೇ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಕಾರಿನ ಸುಗಂಧದ ಡಬ್ಬಿ ತೆಗೆದುಹಾಕಿ, ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನಡೆಯುವ ತಿಂಗಳುಗಳಲ್ಲಿ ಕಾಫಿ ಸಿಪ್ಪೆಯ ಹುಳಿ ವಾಸನೆ ಬರುವ ಕಡೆ ಮುಚ್ಚಿಕೊಳ್ಳಿ.

ಖಾಲಿ ಹೊಟ್ಟೆ ಒಳ್ಳೆಯದಲ್ಲ, ತುಂಬಿದ ಹೊಟ್ಟೆಯೂ ಅಲ್ಲ. ಹೊರಡುವ ಮುಕ್ಕಾಲು ಗಂಟೆ ಮೊದಲು ಎಣ್ಣೆ ಹಾಕದ ಒಂದು ಅಕ್ಕಿರೊಟ್ಟಿ ಅಥವಾ ಎರಡು ಇಡ್ಲಿ ಸಾಕು. ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಹುರಿಗಡಲೆ, ಮಂಡಕ್ಕಿ, ಒಂದೆರಡು ತೊಳೆ ಕಿತ್ತಳೆ. ಬಾಯಲ್ಲಿ ಸಣ್ಣ ತುಂಡು ಶುಂಠಿ ಇಟ್ಟುಕೊಳ್ಳಬಹುದು. ನೀರನ್ನು ಗಟಗಟ ಕುಡಿಯಬೇಡಿ, ಗುಟುಕು ಗುಟುಕಾಗಿ ಕುಡಿಯಿರಿ. ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ತೊಳಸುವವರು ಅಂದು ಅದನ್ನು ರಾತ್ರಿ ಊಟದ ನಂತರಕ್ಕೆ ಬದಲಿಸಿಕೊಳ್ಳಿ. ಕಾಫಿಯ ಜೊತೆ ಮಾತ್ರ ನುಂಗಬೇಡಿ, ಕಾಫಿಯೂ ಚಹಾವೂ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ.

ಇಷ್ಟಕ್ಕೂ ನಿಲ್ಲದಿದ್ದರೆ ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್ ಸೇರಿದ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಗರ್ಭಿಣಿಯರ ವಾಂತಿಗೆ ಬಹಳ ಕಾಲದಿಂದ ಕೊಡುತ್ತಿರುವ ಔಷಧಿ ಅದು. ನಿಧಾನವಾಗಿ ಕರಗುವ ಮಾತ್ರೆಯಾದ್ದರಿಂದ ಘಾಟಿ ಶುರುವಾದಾಗ ನುಂಗಿದರೆ ಉಪಯೋಗವಿಲ್ಲ, ಹಿಂದಿನ ರಾತ್ರಿಯೇ ತೆಗೆದುಕೊಳ್ಳಬೇಕು. ನಿದ್ದೆ ತರುತ್ತದೆ, ನುಂಗಿದವರು ಗಾಡಿ ಓಡಿಸಬಾರದು.

ಒಂದು ದಿನ ಪೂರ್ತಿ ನೀರೂ ನಿಲ್ಲದೆ ವಾಂತಿಯಾದರೆ, ಎಂಟು ಗಂಟೆ ಮೂತ್ರವೇ ಬರದಿದ್ದರೆ ಅಥವಾ ಬಂದದ್ದು ಕಡು ಬಣ್ಣದ್ದಾಗಿದ್ದರೆ ಅದು ಘಾಟಿಯ ವಾಂತಿ ಅಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಬೇಕಾಗುತ್ತದೆ. ಚೀಲದಲ್ಲಿ ಓ.ಆರ್.ಎಸ್. ಪೊಟ್ಟಣ ಇರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ ಕಲಸಿ, 24 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ.

ಏಳನೇ ತಿಂಗಳಿಗೆ ಮಗಳನ್ನು ಬೆಂಗಳೂರಿನಿಂದ ವಿರಾಜಪೇಟೆಗೆ ಕರೆತರುತ್ತಿದ್ದೇವೆ. ಹೊಟ್ಟೆಗೆ ಒತ್ತುತ್ತದೆ ಎಂದು ಬೆಲ್ಟ್ ಬೇಡ ಎನ್ನುತ್ತಾಳೆ. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಬರೋಣ ಎಂದಿದ್ದೇವೆ.
— ತಾಯಿ, ವಿರಾಜಪೇಟೆ

ಅಮ್ಮಾ, ಪ್ರೀತಿಯಿಂದ ಮಾಡುವ ಏರ್ಪಾಡೇ ಆದರೂ ಹಾಸಿಗೆ ಹಾಸುವುದು ಬೇಡ. ಬೆಲ್ಟಿಲ್ಲದೆ ಅಡ್ಡ ಮಲಗಿದವರು ಒಂದು ಗಟ್ಟಿ ಬ್ರೇಕಿಗೆ ಮುಂದಿನ ಸೀಟುಗಳ ಸಂದಿಗೆ ಬೀಳುತ್ತಾರೆ, ಮೊದಲು ತಾಗುವುದೇ ಹೊಟ್ಟೆ. ಗರ್ಭಕೋಶದ ಗೋಡೆ ಹಿಗ್ಗುತ್ತದೆ, ಒಳಗೆ ಅಂಟಿಕೊಂಡಿರುವ ಮಾಸು ಹಿಗ್ಗುವುದಿಲ್ಲ. ಏಟಿಗೆ ಎರಡೂ ಬೇರ್ಪಟ್ಟರೆ ಒಳಗೇ ರಕ್ತ ಹರಿದು ಮಗುವಿಗೆ ಉಸಿರು ನಿಂತುಹೋಗುತ್ತದೆ. ಬೆಲ್ಟ್ ತಡೆಯುವುದು ಈ ಏಟನ್ನು.

ಬೆಲ್ಟ್ ಒತ್ತುತ್ತಿದೆ ಎಂದರೆ ಅದನ್ನು ಹೊಟ್ಟೆಯ ಮೇಲೆ ಹಾಕಿಕೊಂಡಿದ್ದಾಳೆ ಎಂದರ್ಥ. ಮೊದಲು ಸೊಂಟವನ್ನು ಸೀಟಿನ ಮೂಲೆಗೆ ತಾಗುವಂತೆ ಹಿಂದಕ್ಕೆ ಸರಿಸಿ ಕೂರಲಿ. ಕೆಳಪಟ್ಟಿಯನ್ನು ಎರಡೂ ಕೈಗಳಿಂದ ಹೊಟ್ಟೆಯ ಅಡಿಗೆ ತಳ್ಳಬೇಕು. ಅದು ತೊಡೆ ಶುರುವಾಗುವ ಜಾಗದಲ್ಲಿ, ಸೊಂಟದ ಎರಡು ಮೂಳೆಗಳ ಮೇಲೆ ಚಪ್ಪಟೆಯಾಗಿ ಕೂರಬೇಕು. ಮೇಲಿನ ಪಟ್ಟಿ ಭುಜದ ನಡುವಿನಿಂದ ಇಳಿದು ಎದೆಗಳ ಮಧ್ಯೆ ಹಾದು ಹೊಟ್ಟೆಯ ಪಕ್ಕಕ್ಕೆ ಬರಬೇಕು. ಆಮೇಲೆ ಮೇಲಿನ ಪಟ್ಟಿಯನ್ನು ಮೇಲಕ್ಕೆಳೆದು ಸಡಿಲ ತೆಗೆಯಿರಿ. ಕುತ್ತಿಗೆಗೆ ಉಜ್ಜಿದರೆ ಬಾಗಿಲಿನ ಕಂಬದಲ್ಲಿರುವ ಕೊಕ್ಕೆಯನ್ನು ಕೆಳಗಿಳಿಸಿ, ಪಟ್ಟಿಯನ್ನು ಕಂಕುಳಡಿ ಸಿಕ್ಕಿಸುವುದು ತಪ್ಪು. ಚಳಿಗೆ ದಪ್ಪ ಸ್ವೆಟರ್, ಶಾಲು ಹಾಕಿ ಅದರ ಮೇಲೆ ಬೆಲ್ಟ್ ಬಿಗಿದರೆ ಒಳಗೆ ಸಡಿಲ ಉಳಿಯುತ್ತದೆ. ಬೆಲ್ಟ್ ಮೊದಲು, ಶಾಲು ಅದರ ಮೇಲೆ. ದಾರಿಯಲ್ಲಿ ಕೆಳಪಟ್ಟಿ ಮೇಲೇರುತ್ತಿರುತ್ತದೆ, ನಿಲ್ಲಿಸಿದಾಗಲೆಲ್ಲ ಸರಿಮಾಡಿಕೊಳ್ಳಲಿ. ಸೊಂಟದ ಹಿಂದೆ ಸುರುಳಿ ಸುತ್ತಿದ ಟವೆಲ್ ಇಟ್ಟರೆ ಬೆನ್ನಿಗೆ ಹಿತ. ಮುಂದೆ ಕೂತರೆ ಏರ್‌ಬ್ಯಾಗ್ ಬಂದ್ ಮಾಡುವುದು ಬೇಡ, ಸೀಟನ್ನು ಹಿಂದಕ್ಕೆ ಸರಿಸಿದರೆ ಸಾಕು. ತಾವೇ ಓಡಿಸುವ ಗರ್ಭಿಣಿಯರು ಎದೆಮೂಳೆಗೂ ಸ್ಟಿಯರಿಂಗಿಗೂ ನಡುವೆ ಕನಿಷ್ಠ 25 ಸೆಂ.ಮೀ. ಬಿಡಬೇಕು. ಕಾಲು ಪೆಡಲಿಗೆ ಎಟುಕದಷ್ಟು ಹಿಂದೆ ಸರಿಯಬೇಕಾಯಿತೆಂದರೆ ಓಡಿಸುವುದನ್ನು ನಿಲ್ಲಿಸುವ ಕಾಲ ಬಂತು.

ಇನ್ನೊಂದು ವಿಷಯ ಕಾಲಿನದು. ಗರ್ಭಿಣಿಯರ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಮೇಲಿನಿಂದ ಗರ್ಭಕೋಶದ ಭಾರ ಕಾಲಿನ ರಕ್ತ ಹಿಂದಿರುಗದಂತೆ ಒತ್ತುತ್ತಿರುತ್ತದೆ. ಐದಾರು ಗಂಟೆ ಕದಲದೆ ಕೂತರೆ ಮೀನಖಂಡದಲ್ಲಿ ಹೆಪ್ಪು ಕಟ್ಟಿ ಶ್ವಾಸಕೋಶಕ್ಕೆ ಹೋಗಬಹುದು. ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ಇಳಿದು ಐದು ಹತ್ತು ನಿಮಿಷ ನಡೆಯಬೇಕು. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸುತ್ತಿರಲಿ. ಬೆಂಗಳೂರು–ಮೈಸೂರು ಹೆದ್ದಾರಿ ಊರುಗಳನ್ನು ಬಿಟ್ಟು ಹೊರಗಿನಿಂದ ಹೋಗುವುದರಿಂದ ಶೌಚಾಲಯ, ತಿಂಡಿಗೆ ಸರ್ವಿಸ್ ರಸ್ತೆಗೆ ಇಳಿಯಬೇಕಾಗುತ್ತದೆ. ಎಲ್ಲಿ ಇಳಿಯುವುದೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಮುಂದೆ ಮೈಸೂರು, ಹುಣಸೂರು, ಗೋಣಿಕೊಪ್ಪಲಿನಲ್ಲಿ ನಿಲ್ಲಬಹುದು. ಶೌಚಕ್ಕೆ ಹೆದರಿ ನೀರು ಬಿಡುವ ಹೆಣ್ಣುಮಕ್ಕಳು ಬಹಳ. ಮೂತ್ರ ಕಟ್ಟಿಕೊಂಡರೆ ಸೋಂಕಾಗುತ್ತದೆ, ಸೋಂಕು ದಿನ ತುಂಬುವ ಮೊದಲೇ ನೋವು ತರಿಸಬಲ್ಲದು. ಹುಣಸೂರು ದಾಟಿದ ಮೇಲೆ ಆನೆಚೌಕೂರು, ತಿತಿಮತಿ ಕಡೆ ಆನೆ ಅಡ್ಡಬರುವ ದಾರಿ, ಬೆಳಕಿರುವಾಗಲೇ ದಾಟುವಂತೆ ಬೆಂಗಳೂರು ಬಿಡಿ.

ಒಂದೇ ಕಾಲು ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಮನೆ ಸೇರುವ ತನಕ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ತಿರುಗಿಸಿ.

ಶಿಕ್ಷಕಿ. ದಿನಾ ಸೋಮವಾರಪೇಟೆಯಿಂದ ಬಸ್ಸಿನಲ್ಲಿ 20 ಕಿ.ಮೀ. ಓಡಾಡುತ್ತೇನೆ. ಐದು ತಿಂಗಳು. ಯಾವ ಸೀಟು ಒಳ್ಳೆಯದು?
— ಓದುಗರು, ಸೋಮವಾರಪೇಟೆ

ಎರಡು ಗಾಲಿಗಳ ನಡುವಿನ ಸೀಟುಗಳು. ಹಿಂದಿನ ಗಾಲಿಯ ಮೇಲೆ ಮತ್ತು ಅದರ ಹಿಂದೆ ಕೂತವರಿಗೆ ಪ್ರತಿ ಹಂಪಿನಲ್ಲೂ ಎತ್ತಿ ಕುಕ್ಕಿದಂತಾಗುತ್ತದೆ, ಕೊನೆಯ ಸಾಲಂತೂ ಬೇಡವೇ ಬೇಡ. ವಾಂತಿಯಾಗುವವರು ಮುಂದಿನ ಗಾಲಿಯ ಹತ್ತಿರ ಕೂರಲಿ. ಹಂಪು ಬಂದಾಗ ಮುಂದಿನ ಸರಳು ಹಿಡಿದು, ಪಾದಗಳನ್ನು ನೆಲಕ್ಕೆ ಊರಿ. ಸೀಟು ಸಿಗದ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಹೋಗುವುದೇ ವಾಸಿ. ನಿಂತು ಹೋಗಲೇಬೇಕಾದರೆ ಬಾಯಿ ಬಿಟ್ಟು ಸೀಟು ಕೇಳಿ, ಸಂಕೋಚ ಬೇಡ. ಐದನೇ ತಿಂಗಳಿನ ಹೊಟ್ಟೆ ಸೀರೆಯಲ್ಲಿ ಕಾಣಿಸುವುದಿಲ್ಲ, ಕೂತವರಿಗೆ ಗೊತ್ತಾಗುವುದಿಲ್ಲ. ಬಸ್ಸು ಪೂರ್ತಿ ನಿಂತ ಮೇಲೆಯೇ ಏಳಿ. ಬಸ್ಸಿನಲ್ಲಿ ಗರ್ಭಿಣಿಯರು ಬೀಳುವುದು ಹೆಚ್ಚಾಗಿ ಇಳಿಯುವ ಅವಸರದಲ್ಲಿ.

ಗಂಡನ ಬೈಕಿನಲ್ಲಿ ಹೋಗಬಹುದೇ?
— ಓದುಗರು, ಶನಿವಾರಸಂತೆ

ಬೇರೆ ದಾರಿಯಿದ್ದರೆ ಬೇಡ. ಇಲ್ಲವೇ ಇಲ್ಲವೆಂದರೆ ಮೊದಲ ತಿಂಗಳುಗಳಲ್ಲಿ, ಒಣ ರಸ್ತೆಯಲ್ಲಿ, ಹಗಲಿನಲ್ಲಿ, ಹತ್ತಿರಕ್ಕೆ, ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೋಗಿ. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವುದರಿಂದ ತಿರುವಿನಲ್ಲಿ ಸಮತೋಲನ ತಪ್ಪುತ್ತದೆ, ಚೂಡಿದಾರ್ ಹಾಕಿ ಎರಡೂ ಕಡೆ ಕಾಲು ಹಾಕಿ ಕೂರಿ. ಏಳನೇ ತಿಂಗಳಿಂದ, ಮಳೆಯಲ್ಲಿ, ಮಂಜಿನಲ್ಲಿ ಯಾವ ಕಾರಣಕ್ಕೂ ಬೇಡ.

ಸೊಸೆಗೆ ಜುಲೈ ಕೊನೆಯಲ್ಲಿ ದಿನ ಕೊಟ್ಟಿದ್ದಾರೆ. ಮೊದಲ ಹೆರಿಗೆ ಸಿಸೇರಿಯನ್. ನಮ್ಮದು ಭಾಗಮಂಡಲದ ಆಚೆ. ನೋವು ಬಂದ ಮೇಲೆ ಮಡಿಕೇರಿಗೆ ಕರೆದುಕೊಂಡು ಹೋದರೆ ಸಾಲದೇ?
— ಓದುಗರು, ಭಾಗಮಂಡಲ

ಸಾಲದು. ಈ ಸಲದ ಪತ್ರಗಳಲ್ಲಿ ನಮಗೆ ಹೆಚ್ಚು ಚಿಂತೆ ತಂದದ್ದು ನಿಮ್ಮದು.

ಹಿಂದಿನ ಸಿಸೇರಿಯನ್ನಿನ ಗಾಯದ ಗುರುತು ಗರ್ಭಕೋಶದ ಮೇಲಿರುತ್ತದೆ. ನೋವು ಶುರುವಾದ ಮೇಲೆ ಅದು ಬಿರಿಯುವ ಸಾಧ್ಯತೆ ಸಣ್ಣದು, ಆದರೆ ಬಿರಿದರೆ ತಾಯಿ ಮಗುವಿಗೆ ಉಳಿಯುವ ಸಮಯ ನಿಮಿಷಗಳ ಲೆಕ್ಕದ್ದು. ಮಳೆಗಾಲದಲ್ಲಿ ಭಾಗಮಂಡಲದಲ್ಲಿ ನದಿ ಉಕ್ಕಿ ರಸ್ತೆಯ ಮೇಲೆ ಬರುವುದು, ಮರ ಬೀಳುವುದು, ಕರೆಂಟೂ ಮೊಬೈಲ್ ಸಿಗ್ನಲ್ಲೂ ಒಟ್ಟಿಗೇ ಹೋಗುವುದು ನಿಮಗೆ ಹೊಸತಲ್ಲ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲ ಕಡೆ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿಯೇ ಬಹಳ ದಿನ ಮುಚ್ಚಿತ್ತು. ಒಳರಸ್ತೆಗಳ ಪಾಡು ಕೇಳಬೇಕೆ?

36ನೇ ವಾರ ತುಂಬುವ ಹೊತ್ತಿಗೆ ಸೊಸೆ ಮಡಿಕೇರಿಯಲ್ಲೋ, ಆಸ್ಪತ್ರೆಗೆ ಅರ್ಧ ಗಂಟೆಯೊಳಗೆ ತಲುಪುವ ನೆಂಟರ ಮನೆಯಲ್ಲೋ ಇರಬೇಕು. ನಿಮ್ಮ ಲೆಕ್ಕದಲ್ಲಿ ಅದು ಜೂನ್ ಕೊನೆ, ಜುಲೈ ಮೊದಲ ದಿನಗಳು. ಮತ್ತೆ ಸಿಸೇರಿಯನ್ ಎಂದು ಗೊತ್ತಾಗಿದ್ದರೆ ದಿನವನ್ನೂ ಮೊದಲೇ ನಿಗದಿ ಮಾಡಿಸಿಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ, ಜೂನ್ 9ರಂದೇ ಹೋಗಿ ಮಾತಾಡಿ. ಚೀಲದಲ್ಲಿ ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ವರದಿ, ಹಿಂದಿನ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ, ಆಧಾರ್, ಮಾತ್ರೆಗಳು, ಪ್ಯಾಡ್, ಮೆತ್ತನೆಯ ಹಳೆ ಹತ್ತಿ ಬಟ್ಟೆ, ಟಾರ್ಚ್, ಪ್ಲಾಸ್ಟಿಕ್ ಹಾಳೆ. ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ.

ಅಷ್ಟರೊಳಗೇ ನೋವು ಬಂದರೆ, ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಡಿಮೆಯಾದರೆ, ತಲೆ ಸಿಡಿಯುವಂತೆ ನೋವಾಗಿ ಕಣ್ಣು ಮಂಜಾದರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಮನೆತನಕ ಬರಲಾರದು ಎಂದು ಗೊತ್ತಿದ್ದರೆ ಎಲ್ಲಿ ಎದುರಾಗುವುದೆಂದು ಫೋನಿನಲ್ಲೇ ಹೇಳಿ, ಜೀಪಿನಲ್ಲಿ ಅಲ್ಲಿಗೆ ಇಳಿಸಿ. ಆಶಾ ಕಾರ್ಯಕರ್ತೆಗೆ ಕೂಡಲೇ ತಿಳಿಸಿ. ಸೊಸೆ ಎಡಮಗ್ಗುಲಿಗೆ ಒರಗಿರಲಿ, ಅಂಗಾತ ಮಲಗಿದರೆ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುತ್ತದೆ. ಆಪರೇಷನ್ ಬೇಕಾಗಬಹುದು, ಊಟ ತಿಂಡಿ ಕೊಡಬೇಡಿ.

ದಾರಿಯಲ್ಲೇ ಮಗು ಬಂದುಬಿಟ್ಟರೆ ಗಾಡಿ ನಿಲ್ಲಿಸಿ. ಎಳೆಯಬೇಡಿ, ಬರುವ ತಲೆಗೆ ಕೈ ಆಧಾರ ಕೊಟ್ಟರೆ ಸಾಕು. ಮಗುವನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ತಾಯಿಯ ಬರಿಮೈ ಎದೆಯ ಮೇಲೆ ಮಲಗಿಸಿ, ಇಬ್ಬರಿಗೂ ಕಂಬಳಿ ಹೊದಿಸಿ, ಮಗುವಿನ ತಲೆಗೂ ಬಟ್ಟೆ ಸುತ್ತಿ. ಕೊಡಗಿನ ಮಳೆಯಲ್ಲಿ ಕೂಸಿನ ಮೊದಲ ಶತ್ರು ಚಳಿ. ಹೊಕ್ಕುಳಬಳ್ಳಿಯನ್ನು ಬ್ಲೇಡಿನಿಂದಾಗಲಿ ಕತ್ತಿಯಿಂದಾಗಲಿ ಕೊಯ್ಯಬೇಡಿ, ಮಾಸನ್ನು ಎಳೆಯಬೇಡಿ, ಹಾಗೇ ಆಸ್ಪತ್ರೆಗೆ ಒಯ್ಯಿರಿ.

ಕಾರು ಹಿಂದಿನಿಂದ ಸಣ್ಣಗೆ ಗುದ್ದಿಸಿಕೊಂಡಿತು. ಹೆಂಡತಿಗೆ 30 ವಾರ, ನೋವಿಲ್ಲ, ಗಾಯವಿಲ್ಲ. ಆಸ್ಪತ್ರೆಗೆ ಹೋಗಬೇಕೇ?
— ಓದುಗರು, ಕುಶಾಲನಗರ

ಈಗಲೇ ಹೋಗಿ. 20 ವಾರ ದಾಟಿದ ಮೇಲೆ ಅಪಘಾತವಾಗಲಿ, ಜಾರಿ ಬೀಳುವುದಾಗಲಿ, ಹೊರಗೆ ಗಾಯ ಕಾಣದಿದ್ದರೂ ಮಾಸು ಸ್ವಲ್ಪ ಬಿಟ್ಟಿರಬಹುದು. ಮಗುವಿನ ಎದೆಬಡಿತ ಮತ್ತು ಗರ್ಭಕೋಶದ ಬಿಗಿತವನ್ನು ಯಂತ್ರದಲ್ಲಿ ಕನಿಷ್ಠ ನಾಲ್ಕು ಗಂಟೆ ನೋಡಬೇಕು. ಒಂದು ಸಲ ಎದೆಬಡಿತ ಕೇಳಿಸಿ ಕಳಿಸಿದರೆ ಸಾಲದು, ನೀವೇ ಕೇಳಿ ಉಳಿಯಿರಿ. ಆಕೆಯ ರಕ್ತ ನೆಗೆಟಿವ್ ಗುಂಪಿನದಾಗಿದ್ದರೆ ಮೊದಲು ಅದನ್ನೇ ಹೇಳಿ, 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ.

ಕಣ್ಣೂರಿನಿಂದ ದುಬೈಗೆ ಹೋಗಿ ಒಂದೂವರೆ ತಿಂಗಳು ಬಿಟ್ಟು ಬರಬೇಕು. ಈಗ 26 ವಾರ.
— ಓದುಗರು, ಅಮ್ಮತ್ತಿ

ವಾರ ಎಣಿಸಬೇಕಾದ್ದು ಮರಳುವ ದಿನಕ್ಕೆ. ನೀವು ಬರುವಾಗ 32 ದಾಟಿರುತ್ತದೆ. ಅನೇಕ ವಿಮಾನ ಕಂಪನಿಗಳು 28ನೇ ವಾರದ ನಂತರ ವೈದ್ಯರ ಪತ್ರ ಕೇಳುತ್ತವೆ, 36 ದಾಟಿದರೆ ಹತ್ತಿಸಿಕೊಳ್ಳುವುದಿಲ್ಲ, ಅವಳಿಯಿದ್ದರೆ ಇನ್ನೂ ಮೊದಲೇ ನಿಲ್ಲಿಸುತ್ತವೆ. ನಿಮ್ಮ ಕಂಪನಿಯ ನಿಯಮವನ್ನು ಟಿಕೆಟ್ ತೆಗೆಯುವ ಮೊದಲೇ ಓದಿ. ಪತ್ರ ಹೊರಡುವ ದಿನಕ್ಕೆ ಹತ್ತಿರದ್ದಾಗಿರಬೇಕು, ಹಾಗಾಗಿ ಮರಳುವಾಗಿನ ಪತ್ರವನ್ನು ದುಬೈಯಲ್ಲೇ ಮಾಡಿಸಬೇಕಾದೀತು. ಓಡಾಡಲು ಅನುಕೂಲವಾದ ದಾರಿಬದಿಯ ಸೀಟು ಕೇಳಿ. ಕಾಲುಗಳಿಗೆ ಒತ್ತಡದ ಕಾಲುಚೀಲ ಬೇಕೇ ಎಂದು ವೈದ್ಯರನ್ನು ವಿಚಾರಿಸಿ. ವಿಮಾನ ನಿಲ್ದಾಣವಿರುವ ಮಟ್ಟನ್ನೂರಿಗೆ ಮಾಕುಟ್ಟ ಘಾಟಿ ಇಳಿದೇ ಹೋಗಬೇಕಾದ್ದರಿಂದ ಮಳೆಯ ದಿನಗಳಲ್ಲಿ ಮೂರು ಗಂಟೆಯಷ್ಟು ಹೆಚ್ಚಿನ ಸಮಯ ಇಟ್ಟುಕೊಳ್ಳಿ. (ರೈಲಿನ ಬಗ್ಗೆ ಕೇಳಿದ ಪೊನ್ನಂಪೇಟೆಯ ಓದುಗರಿಗೆ: ಗರ್ಭಿಣಿಯರಿಗೆ ಕೆಳ ಬರ್ತಿನ ಕೋಟಾ ಇದೆ. ಮೈಸೂರು ನಿಲ್ದಾಣದ ಕೌಂಟರಿನಲ್ಲಿ ವೈದ್ಯರ ಪ್ರಮಾಣಪತ್ರ ತೋರಿಸಿ ಕೇಳಿ.)

ಕಾಫಿ ಕುಯ್ಲಿನ ಸಮಯ ಲೈನ್ ಮನೆಗಳಿಂದ (ತೋಟದ ಕೆಲಸಗಾರರ ಸಾಲುಮನೆಗಳು) ಗರ್ಭಿಣಿಯರೂ ಪಿಕಪ್ಪಿನ ಹಿಂದೆ ನಿಂತು ಹೋಗುತ್ತಾರೆ. ಏನು ಹೇಳಲಿ?
— ಆಶಾ ಕಾರ್ಯಕರ್ತೆ, ಸಿದ್ದಾಪುರ ಕಡೆ

ಹೆಂಗಸರಿಗೆ ಹೇಳುವ ಮೊದಲು ಕೆಲಸ ನೋಡಿಕೊಳ್ಳುವ ತೋಟದ ರೈಟರಿಗೆ, ಮಾಲೀಕರಿಗೆ ಹೇಳಿ, ಏಕೆಂದರೆ ಗಾಡಿ ಅವರದು. ಗರ್ಭಿಣಿಗೆ ಡ್ರೈವರ್ ಪಕ್ಕದ ಸೀಟು. ಅದಾಗದಿದ್ದರೆ ಲೈನಿಗೆ ನಡೆದು ಹೋಗುವಷ್ಟು ಹತ್ತಿರದ ಬ್ಲಾಕಿನಲ್ಲಿ ಕೆಲಸ. ಸಂಜೆ ಕಾಫಿ ಚೀಲಗಳ ಮೇಲೆ ಕೂರಿಸಿ ತರುವುದನ್ನಂತೂ ನಿಲ್ಲಿಸಲೇಬೇಕು, ಚೀಲ ಜಾರಿದರೆ ಅವರೂ ಜಾರುತ್ತಾರೆ. ಹೊರ ರಾಜ್ಯದಿಂದ ಬಂದವರಲ್ಲಿ ತಾಯಿ ಕಾರ್ಡ್ ಇಲ್ಲದವರೇ ಹೆಚ್ಚಾಗಿದ್ದರೆ ಮೊದಲು ಅದನ್ನು ಮಾಡಿಸಿ. ಊರಿಗೆ ಹೆರಿಗೆಗೆ ಹೋಗುವವರು ಎರಡು ಮೂರು ದಿನದ ರೈಲು ಪ್ರಯಾಣವನ್ನು ಒಂಬತ್ತನೇ ತಿಂಗಳಿಗೆ ಇಟ್ಟುಕೊಳ್ಳುತ್ತಾರೆ. 32 ವಾರದೊಳಗೆ ಹೊರಡಿ, ಇಲ್ಲವೇ ಇಲ್ಲೇ ಹೆರಿಗೆ ಮಾಡಿಸಿಕೊಳ್ಳಿ ಎಂದು ಅವರ ಭಾಷೆ ಬಲ್ಲವರ ಕೈಲಿ ಹೇಳಿಸಿ.

ಆರು ತಿಂಗಳಲ್ಲಿ ತಲಕಾವೇರಿಗೆ ಹೋಗಬಹುದೇ? ಎತ್ತರದಿಂದ ಮಗುವಿಗೆ ತೊಂದರೆಯೇ? ಜಿಗಣೆ ಕಚ್ಚಿದರೆ?
— ಓದುಗರು, ಸುಂಟಿಕೊಪ್ಪ

ಹೋಗಬಹುದು. ತಲಕಾವೇರಿ 1,276 ಮೀಟರ್, ಎತ್ತರದ ತೊಂದರೆಯ ಮಾತು ಬರುವುದು 2,500 ಮೀಟರ್ ಮೇಲೆ. ದೇವಸ್ಥಾನದ ಮೆಟ್ಟಿಲನ್ನು ಕೈಸರಳು ಹಿಡಿದು, ನಿಂತು ನಿಂತು ಹತ್ತಿ. ಬ್ರಹ್ಮಗಿರಿಯ ತುದಿಯ ಮೆಟ್ಟಿಲು ಈ ಸಲ ಬೇಡ, ಇಳಿಯುವಾಗ ಹೊಟ್ಟೆ ಅಡ್ಡಬಂದು ಕಾಲಿಡುವ ಜಾಗ ಕಾಣುವುದಿಲ್ಲ. ತುಲಾ ಸಂಕ್ರಮಣದ ನೂಕುನುಗ್ಗಲಿನ ದಿನ ಬಿಟ್ಟು ಬೇರೆ ದಿನ ಹೋಗಿ. ಜಿಗಣೆಯಿಂದ ಮಗುವಿಗೇನೂ ಆಗುವುದಿಲ್ಲ. ಉಗುರಿನಿಂದ ಅದರ ಬಾಯಿಯ ಬದಿಯನ್ನು ಚರ್ಮಕ್ಕೆ ಒತ್ತಿ ಸರಿಸಿದರೆ ಬಿಡುತ್ತದೆ, ಗಾಯವನ್ನು ಸೋಪು ನೀರಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಜಿಗಣೆಯ ಎಂಜಲಿನಿಂದ ರಕ್ತ ಸ್ವಲ್ಪ ಹೊತ್ತು ಸುರಿಯುತ್ತಲೇ ಇರುತ್ತದೆ, ಗಾಬರಿ ಬೇಡ. ರಕ್ತ ತೆಳುವಾಗಿಸುವ ಚುಚ್ಚುಮದ್ದು ಅಥವಾ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರಿಗೆ ನಿಲ್ಲಲು ಇನ್ನೂ ತಡವಾಗುತ್ತದೆ, ಅವರು ಮೊಣಕಾಲಿನ ತನಕ ಕಾಲುಚೀಲ ಹಾಕಿಯೇ ಇಳಿಯಲಿ.